ಪಂಪ್ ದೊಡ್ಡದಾದರೆ ನೀರು ಸರಿಹೋದೀತೇ?

ಅಟ್ಟೂರಿನಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕ ನಡೆಸುತ್ತಿರುವ ಉದ್ಯಮಿಯೊಬ್ಬರು ಬ್ಯಾಂಕ್ ಸಾಲದ ಕಾಗದಪತ್ರಗಳೊಡನೆ ನನ್ನಲ್ಲಿಗೆ ಬಂದಿದ್ದರು. ಕೊಳ್ಳಬೇಕಾದ ಯಂತ್ರಗಳ ಪಟ್ಟಿಯಲ್ಲಿ 5 ಅಶ್ವಶಕ್ತಿಯ ಪಂಪೂ ಸೇರಿತ್ತು. 3 ಅಶ್ವಶಕ್ತಿಯ ಪಂಪ್ ಇರುವಾಗ ಇದೇಕೆಂದು ವಿಚಾರಿಸಿದೆ. ಮೂರು ಯಂತ್ರಗಳ ಪೈಕಿ ಕೊನೆಯದಕ್ಕೆ ತಂಪು ನೀರು ಸಾಲದೆ ಮಾಲು ತಿರಸ್ಕೃತವಾಗುತ್ತಿದೆ ಎಂದರು. "ಹೇಗೂ ಶೇ. 15ರಷ್ಟು ಸವಕಳಿ ಸಿಗುತ್ತದಲ್ಲ ಸಾರ್" ಎಂದೂ ಸೇರಿಸಿದರು. ಸವಕಳಿಯಿಂದ ತೆರಿಗೆ ತಗ್ಗಬಹುದು, ವಿದ್ಯುತ್ ಬಿಲ್ ತಗ್ಗದು.

ನಾನು ವಾಣಿಜ್ಯ ಪದವೀಧರ. ಪಂಪಿನ ಶಾಸ್ತ್ರವನ್ನು ಪರಿಚಿತ ಇಂಜಿನಿಯರೊಬ್ಬರಿಂದ ಕೇಳಿ ತಿಳಿದವನು. ಆದರೆ ಆ ದರಪಟ್ಟಿಯಲ್ಲಿದ್ದ ತಪ್ಪು ಕೂಡಿಕೆಯದೇ ಆಗಿತ್ತು. ಮೂರು ಕವಲುಗಳಿಗೆ ಬೇಕಾದ ಹೆಡ್ 8, 12 ಮತ್ತು 24 ಮೀಟರ್. ಮುಖ್ಯ ಕೊಳವೆಯ ನಷ್ಟ 4 ಮೀಟರ್. ಎಲ್ಲವನ್ನೂ ಕೂಡಿ 48 ಎಂದು ಬರೆಯಲಾಗಿತ್ತು. ಕವಲುಗಳು ಸಮಾಂತರವಾಗಿದ್ದಾಗ ಕೂಡಬೇಕಾದದ್ದು ನೀರಿನ ಪ್ರಮಾಣವನ್ನು, ಅಂದರೆ ನಿಮಿಷಕ್ಕೆ 100, 60, 40 ಸೇರಿ 200 ಲೀಟರ್. ಹೆಡ್ ಮಾತ್ರ ಅತಿ ಕಷ್ಟದ ಕವಲಿನದು: 24ಕ್ಕೆ 4 ಸೇರಿ 28 ಮೀಟರ್. ಮೂರು ಅಟ್ಟಗಳನ್ನು ಮುಟ್ಟಲು ಅವುಗಳ ಎತ್ತರ ಕೂಡಿಸಿ ಏಣಿ ಕೊಳ್ಳುವವರುಂಟೆ? ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತಹಂತವಾಗಿ ಸುಮಾರು 500 ಮೀಟರ್ ಏರಿ ಬೆಂಗಳೂರಿಗೆ ಬರುವುದು ಬೇರೆ ಮಾತು. ಅಲ್ಲಿ ಪಂಪುಗಳು ಒಂದರ ಮುಂದೊಂದಿವೆ, ಹೆಡ್ ಕೂಡುತ್ತದೆ.

ಈ 20 ಮೀಟರಿನ ವ್ಯತ್ಯಾಸಕ್ಕೆ ಬೆಲೆ ಕಟ್ಟೋಣ. ಪಂಪ್ ಮತ್ತು ಮೋಟಾರಿನ ಒಟ್ಟು ದಕ್ಷತೆ ಶೇ. 45 ಎಂದಿಟ್ಟುಕೊಂಡರೆ ಸುಮಾರು 1.45 ಕಿಲೋವ್ಯಾಟ್ ವ್ಯರ್ಥ. ದಿನಕ್ಕೆ 16 ಗಂಟೆಯಂತೆ 300 ದಿನಕ್ಕೆ ಸುಮಾರು 7,000 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 56,000 ರೂ. ಪ್ರತಿ ವರ್ಷ!

ಹಾಗಾದರೆ ಕೊನೆಯ ಯಂತ್ರಕ್ಕೆ ನೀರೇಕೆ ಸಾಲದು? ನೀರು ಸುಲಭದ ದಾರಿ ಹಿಡಿಯುತ್ತದೆ. ಹತ್ತಿರದ ಕವಲಿನ ವಾಲ್ವ್ ಪೂರ್ತಿ ತೆರೆದಿತ್ತು. ದೊಡ್ಡ ಪಂಪ್ ಹಾಕಿದ್ದರೆ ಅಲ್ಲಿಗೇ ಇನ್ನಷ್ಟು ನುಗ್ಗುತ್ತಿತ್ತು. ಇಂಜಿನಿಯರ್ ಮಹಾಶಯರು ತರಿಸಿದ್ದು 20 ಲೀಟರಿನ ಬಕೆಟ್ ಮತ್ತು ಒಂದು ಗಡಿಯಾರ. ಹಿಂದಿರುಗುವ ನೀರಿಗೆ ಬಕೆಟ್ ಹಿಡಿದಾಗ ಹತ್ತಿರದ ಕವಲಿನಲ್ಲಿ 9 ಸೆಕೆಂಡಿಗೆ ತುಂಬಿತು, ಕೊನೆಯದರಲ್ಲಿ 40 ಹಿಡಿಯಿತು. ಇರಬೇಕಾದದ್ದು 12 ಮತ್ತು 30. ಹತ್ತಿರದ ಎರಡು ವಾಲ್ವುಗಳನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ, ಮತ್ತೆ ಅಳೆಯುತ್ತ ಬಂದರು. ಮಧ್ಯಾಹ್ನದ ಹೊತ್ತಿಗೆ ಮೂರೂ ಲೆಕ್ಕಕ್ಕೆ ಬಂದವು.

ಕೊಳವೆ ಕಟ್ಟಿಕೊಂಡು ವ್ಯಾಸ ಕಿರಿದಾಗಿದ್ದರೆ, ಪಂಪಿನ ಇಂಪೆಲ್ಲರ್ ಸವೆದಿದ್ದರೆ ವಾಲ್ವ್ ತಿರುಗಿಸಿ ಪ್ರಯೋಜನವಿಲ್ಲ, ನಿಜ. ಅದನ್ನೂ ಮೊದಲು ಅಳೆದೇ ತಿಳಿಯಬೇಕು. ಹೊಸದನ್ನು ಕೊಳ್ಳಲೇಬೇಕಾದಾಗ ಮಾರಾಟಗಾರರಿಂದ ಅಶ್ವಶಕ್ತಿಯೊಂದನ್ನೇ ಕೇಳಿ ತೃಪ್ತರಾಗದೆ, ಪಂಪಿನ ಹೆಡ್ ಮತ್ತು ಪ್ರಮಾಣದ ರೇಖಾಚಿತ್ರ ಪಡೆದು, ತಮಗೆ ಬೇಕಾದ ಬಿಂದುವಿನಲ್ಲಿ ದಕ್ಷತೆ ಎಷ್ಟೆಂಬುದನ್ನು ದರಪಟ್ಟಿಯಲ್ಲೇ ಬರೆಯಿಸಿಕೊಳ್ಳಬೇಕೆಂದು ಸದಸ್ಯರಲ್ಲಿ ನನ್ನ ವಿನಂತಿ.