ಸಂಸಾರದ ಸೈಕಲ್ ಸವಾರಿ

ವಿಹಾರವೆಂದೊಡನೆ ನಮ್ಮ ಕಾಲೇಜಿನ ಮಿತ್ರರಿಗೆ ನೆನಪಾಗುವುದು ಬಸ್ಸು, ಬಾಡಿಗೆ ಕಾರು, ದೂರದ ಜಲಪಾತ. ಮನೆಮಂದಿಯೆಲ್ಲ ಸೈಕಲ್ಲೇರಿ ತಮ್ಮೂರನ್ನೇ ಒಂದು ಸುತ್ತು ಹಾಕುವುದೂ ವಿಹಾರವೆಂದರೆ ನಗುವವರುಂಟು. ನಗಲಿ. ಅದು ವಿಹಾರಕ್ಕಿಂತಲೂ ಹಿರಿದಾದ ಕಾರ್ಯವೆಂಬುದು ನನ್ನ ವಾದ.

ನನ್ನೂರು ಲೊಕ್ಕನಹಳ್ಳಿ. ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ ನಮ್ಮಂಥ ಊರುಗಳ ಹೆಣ್ಣುಮಕ್ಕಳಿಗೂ ಸ್ವಂತದ ಸೈಕಲ್ಲು ದೊರೆಯಿತು. ಆದರೆ ಹತ್ತನೆಯ ತರಗತಿ ಮುಗಿದೊಡನೆ ಅದು ಗೋಡೆಗೊರಗಿ ತುಕ್ಕು ಹಿಡಿಯುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಶಾಲೆಗೆ ಹೋಗುವಾಗ ತಪ್ಪಲ್ಲದ ಸವಾರಿ ಸಂತೋಷಕ್ಕೆಂದು ಹೊರಟಾಗ ತಪ್ಪಾಗುವುದೇಕೆ? ತಂದೆ, ತಾಯಿ, ಅಣ್ಣ ಜೊತೆಯಲ್ಲಿ ಹೊರಟರೆ ಆಡುವವರ ಬಾಯಿಗೆ ತಾನಾಗಿಯೇ ಬೀಗ ಬೀಳುತ್ತದೆ. ನಾಲ್ಕು ವಾರ ಕಂಡ ನೋಟ ಐದನೆಯ ವಾರ ಸುದ್ದಿಯಲ್ಲ.

ಆದರೆ ಇದಕ್ಕೆ ಮುಂದಾಲೋಚನೆ ಬೇಕು. 1970ರ ದಶಕದಲ್ಲಿ ಟಿಬೆಟಿಯನ್ನರು ನೆಲೆಗೊಂಡ ಒಡೆಯರಪಾಳ್ಯದವರೆಗೂ ಹೋಗೋಣವೆಂಬುದು ನನ್ನ ತಮ್ಮನ ಹಟ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ದೂರವನ್ನು ನಿಶ್ಚಯಿಸಬೇಕಾದವರು ಬಲಶಾಲಿಗಳಲ್ಲ, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು. ವೇಳೆಯನ್ನು ನಿಶ್ಚಯಿಸಬೇಕಾದವಳು ತಾಯಿ. ಒಲೆಯ ಕೆಲಸವೆಲ್ಲ ಅವಳೊಬ್ಬಳ ಪಾಲಿಗೇ ಉಳಿದರೆ ಅದು ಸಂಸಾರದ ಸವಾರಿ ಹೇಗಾದೀತು? ಬುತ್ತಿ ಕಟ್ಟುವುದಕ್ಕೆ ಎಲ್ಲರೂ ಕೈಗೂಡಿಸಬೇಕು. ಸವಾರಿ ಬಾರದ ತಾಯಿ ಕ್ಯಾರಿಯರಿನ ಮೇಲೆ ಕೂರಬಹುದು. ಕಲಿಯುತ್ತೇನೆಂದರೆ ಮಗಳೇ ಗುರುವಾಗಲಿ.

ದಾರಿಯನ್ನು ನಿಶ್ಚಯಿಸುವ ಅಧಿಕಾರ ಮಾತ್ರ ಆನೆಯದು! ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಮಲೆ ಮಹದೇಶ್ವರ ಬೆಟ್ಟದ ಕಡೆಯ ಕಾಡಿಗೂ ನಡುವೆ ಆನೆಗಳು ತಿರುಗಾಡುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಹಾದಿ ನಮ್ಮ ಸೀಮೆಯಲ್ಲಿಯೇ ಇದೆ. ಆದುದರಿಂದ ಕಾಡಂಚನ್ನು ಬಿಟ್ಟು ಹೊಲಗಳ ನಡುವಣ ದಾರಿ ಹಿಡಿಯಬೇಕು; ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟು, ಬಿಸಿಲೇರುವ ಮುನ್ನ ಮನೆ ಸೇರಬೇಕು. ಬ್ರೇಕು, ಚೈನು, ಚಕ್ರದ ಗಾಳಿಯನ್ನು ಹಿಂದಿನ ದಿನವೇ ನೋಡಿಕೊಳ್ಳಬೇಕು. ಕುಡಿಯುವ ನೀರು, ಒಂದು ಪಂಪು ಜೊತೆಗಿದ್ದರೆ ಸಾಕು.

ಇಷ್ಟಕ್ಕೆ ದುಡ್ಡು ಬೇಕಿಲ್ಲ, ಮನಸ್ಸು ಬೇಕು. ರಜೆಯಲ್ಲಿ ಊರಿಗೆ ಹೋಗುವ ಮಿತ್ರರು, ಗೋಡೆಗೊರಗಿರುವ ತಂಗಿಯ ಸೈಕಲ್ಲಿಗೆ ಮೊದಲು ಗಾಳಿ ತುಂಬಲಿ. ಅವಳು ಮುಂದೆ ಸಾಗಲಿ. ನಾವು ಅವಳ ವೇಗಕ್ಕೆ ಸರಿಯಾಗಿ ಹಿಂದೆ ತುಳಿಯೋಣ.