ಕಡಲಿಲ್ಲದವರು ಈಜಿದರು, ಕಡಲ ತಡಿಯ ನಾವು?



ನಮ್ಮ ಕರಾವಳಿಯವರಲ್ಲಿ ಒಂದು ಹಮ್ಮು ಇದೆ. ನಾವು ಕಡಲ ಮಕ್ಕಳು, ನಮಗೆ ಈಜು ಕಲಿಸುವ ಅಗತ್ಯವೇನು ಎಂಬುದು ಅದರ ಸಾರ. ಮೊನ್ನೆ ಮದುವೆಯೂಟದ ಪಂಕ್ತಿಯಲ್ಲಿ, ಶಾಲೆಗಳಲ್ಲಿ ಈಜು ಕಡ್ಡಾಯವಾಗಬೇಕೆಂಬ ನನ್ನ ಹಳೆಯ ಹಟದ ಮಾತು ಬಂದಾಗ ಹಿರಿಯ ಬಂಧುಗಳೊಬ್ಬರು, "ಮೀನಿಗೆ ಈಜು ಕಲಿಸಿದ ಹಾಗಾಯಿತು ಮಾರಾಯ್ರೆ" ಎಂದು ನಕ್ಕರು. ಎಲೆಯ ಮುಂದೆ ಕುಳಿತು ವಾದ ಹೂಡುವುದು ಶೋಭೆಯಲ್ಲವೆಂದು ಸುಮ್ಮನಾದೆ. ಆದರೆ ಆ ಮಾತನ್ನು ಉತ್ತರವಿಲ್ಲದೆ ಬಿಡುವುದು ಸರಿಯಲ್ಲ.

ಉತ್ತರವನ್ನು ಸ್ವಲ್ಪ ದೂರದಿಂದಲೇ ಆರಂಭಿಸುತ್ತೇನೆ. ಭೂಗೋಳದ ಪಾಠ ಮರೆಯದವರಿಗೆ ಗೊತ್ತು, ಹಂಗೆರಿ ದೇಶಕ್ಕೆ ಕಡಲಿಲ್ಲ. ನಾಲ್ಕು ದಿಕ್ಕಿಗೂ ಬೇರೆ ದೇಶಗಳ ನೆಲವೇ ಆವರಿಸಿದೆ. ಆದರೂ ವಾಟರ್ ಪೋಲೊ ಆಟದಲ್ಲಿ ಆ ದೇಶದ ಪುರುಷರು ಒಲಿಂಪಿಕ್ ಚಿನ್ನವನ್ನು ಒಂಬತ್ತು ಬಾರಿ ಗೆದ್ದಿದ್ದಾರೆ: 1932, 1936, 1952, 1956, 1964, 1976, ಆಮೇಲೆ 2000, 2004, 2008. ಅಲ್ಲಿಯ ಮಹಿಳೆಯರು 1994 ಮತ್ತು 2005ರಲ್ಲಿ ವಿಶ್ವ ಚಾಂಪಿಯನ್ನರಾದರು. ಈ ಆಟವನ್ನು ಅರಿಯದವರಿಗೆ ಒಂದು ಮಾತು: ಒಂದೊಂದು ಪಕ್ಷದಲ್ಲಿ ಏಳು ಜನ, ಎಂಟೆಂಟು ನಿಮಿಷಗಳ ನಾಲ್ಕು ಅವಧಿ. ಕಾಲನ್ನು ತಳಕ್ಕೆ ಊರಿ ನಿಂತು ಆಡುವಂತಿಲ್ಲ; ಆಟ ಮುಗಿಯುವವರೆಗೂ ನೀರಿನಲ್ಲಿ ತೇಲುತ್ತಲೇ ಈಜಬೇಕು, ಚೆಂಡು ಹಿಡಿಯಬೇಕು, ಎಸೆಯಬೇಕು.

ದೇಶದ ಸಾಧನೆಗಿಂತ ನನಗೆ ಹೆಚ್ಚು ಬೋಧಪ್ರದವೆನಿಸಿದ್ದು ಅಲ್ಲಿಯ ಒಂದು ಊರಿನ ಕ್ಲಬ್ಬು. ಸೊಲ್ನೋಕ್ ಎಂಬುದು ಟಿಸಾ ನದಿಯ ದಡದ, ಸುಮಾರು ಎಪ್ಪತ್ತು ಸಾವಿರ ಜನರಿರುವ ಬಯಲುಸೀಮೆಯ ಪಟ್ಟಣ. ಆ ಊರಿನ ವಾಟರ್ ಪೋಲೊ ಕ್ಲಬ್ಬು 1950ರ ಮತ್ತು 60ರ ದಶಕಗಳಲ್ಲಿ ಹಲವು ಬಾರಿ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. 1964ರ ಗೆಲುವಿನ ಬಳಿಕ ಅದಕ್ಕೆ ಮತ್ತೊಂದು ರಾಷ್ಟ್ರೀಯ ಪ್ರಶಸ್ತಿ ದೊರೆತದ್ದು 2015ರಲ್ಲಿ. ನಡುವೆ ಐವತ್ತೊಂದು ವರ್ಷ! ಎರಡು ವರ್ಷ ಸೋತರೆ ತಂಡವನ್ನೇ ವಿಸರ್ಜಿಸುವ ನಮಗೆ ಈ ತಾಳ್ಮೆ ಅರ್ಥವಾಗುವುದು ಕಷ್ಟ. 2017ರಲ್ಲಿ ಅದೇ ಕ್ಲಬ್ಬು ಯುರೋಪಿನ ಚಾಂಪಿಯನ್ಸ್ ಲೀಗನ್ನೇ ಗೆದ್ದಿತು. ಅಂತಿಮ ಪಂದ್ಯದಲ್ಲಿ ಅದು ಸೋಲಿಸಿದ್ದು ಯಾರನ್ನು? ಏಡ್ರಿಯಾಟಿಕ್ ಕಡಲಿನ ತಡಿಯಲ್ಲೇ ಇರುವ ಡುಬ್ರೊವ್ನಿಕ್ ನಗರದ ಯುಗ್ ಎಂಬ ಹೆಸರಾಂತ ಕ್ಲಬ್ಬನ್ನು. ಕಡಲಿಲ್ಲದ ಪಟ್ಟಣ ಕಡಲ ಪಟ್ಟಣವನ್ನು ನೀರಿನಲ್ಲೇ ಮಣಿಸಿತು.

ಇದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಆಲ್ಫ್ರೆಡ್ ಹಾಯೋಶ್ ಎಂಬವನ ಬದುಕು ಒಂದು ಸುಳಿವು ಕೊಡುತ್ತದೆ. ಅವನಿಗೆ ಹದಿಮೂರು ವರ್ಷವಾಗಿದ್ದಾಗ ತಂದೆ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿ ತೀರಿಕೊಂಡ. ಹುಡುಗ ನೀರಿಗೆ ಹೆದರಿ ದೂರ ಸರಿಯಲಿಲ್ಲ, ಈಜು ಕಲಿತ. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ, ಕೊರೆಯುವ ಕಡಲ ನೀರಿನಲ್ಲಿ, ಎರಡು ಚಿನ್ನ ಗೆದ್ದ. ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮುಂದೆ ವಾಸ್ತುಶಿಲ್ಪಿಯಾದ ಅವನು ಬುಡಾಪೆಸ್ಟಿನ ಮಾರ್ಗರೆಟ್ ದ್ವೀಪದಲ್ಲಿ 1930ರಲ್ಲಿ ತೆರೆದ ಈಜುಕೊಳವನ್ನು ವಿನ್ಯಾಸಗೊಳಿಸಿದ. ಈಗ ಆ ಕೊಳಕ್ಕೆ ಅವನದೇ ಹೆಸರು. ಪದಕವು ಗೆದ್ದವನೊಬ್ಬನದು, ಕೊಳವು ಮುಂದಿನ ತಲೆಮಾರುಗಳದು.

ಪರದೇಶದ ಮಾತು ಸಾಕು, ನಮ್ಮ ರಾಜ್ಯವನ್ನೇ ನೋಡೋಣ. ನಿಶಾ ಮಿಲೆಟ್, ಶಿಖಾ ಟಂಡನ್, ರೆಹಾನ್ ಪೊಂಚಾ, ಗಗನ್ ಉಳ್ಳಾಲಮಠ, ಶ್ರೀಹರಿ ನಟರಾಜ್, ಧಿನಿಧಿ ದೇಸಿಂಗು - 2000ದಿಂದ 2024ರ ನಡುವೆ ಒಲಿಂಪಿಕ್ಸಿನಲ್ಲಿ ಈಜಿದ ಇವರೆಲ್ಲ ಬೆಂಗಳೂರಿನ ಕೊಳಗಳಲ್ಲಿ ಪಳಗಿದವರು. ಕಡಲಿನಿಂದ ಮುನ್ನೂರು ಕಿಲೋಮೀಟರ್ ದೂರದ, ಹರಿಯುವ ದೊಡ್ಡ ನದಿಯೊಂದೂ ಇಲ್ಲದ ಊರದು. ಅಲ್ಲಿಯ ಬಸವನಗುಡಿ ಅಕ್ವಾಟಿಕ್ ಸೆಂಟರಿನಲ್ಲಿ ವಾಟರ್ ಪೋಲೊ ತಂಡವೂ ಇದೆ. ಸ್ವರ್ಣಾ, ಸೀತಾ, ಶಾಂಭವಿ ನದಿಗಳು ಹರಿಯುವ, ಪಡುವಣ ಉದ್ದಕ್ಕೂ ಕಡಲೇ ಇರುವ ನಮ್ಮ ಜಿಲ್ಲೆಯಿಂದ ಈ ಪಟ್ಟಿಗೆ ಯಾರು ಸೇರಿದ್ದಾರೆ?

ನಮ್ಮಲ್ಲಿ ಧೈರ್ಯವಂತರಿಲ್ಲವೆಂದಲ್ಲ. ಕೋಡಿ ಕನ್ಯಾನದ ಗೋಪಾಲ ಖಾರ್ವಿಯವರು 2013ರಲ್ಲಿ ಕೈಗೆ ಕೋಳ, ಕಾಲಿಗೆ ಸರಪಳಿ ಬಿಗಿಸಿಕೊಂಡು ಸೈಂಟ್ ಮೇರೀಸ್ ದ್ವೀಪದಿಂದ ಮಲ್ಪೆಯ ಕಡೆಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಈಜಿ ಗಿನ್ನೆಸ್ ದಾಖಲೆ ಬರೆದರು. ಗಂಗಾಧರ ಕಡೆಕಾರ್ ಅವರು ಅರುವತ್ತು ದಾಟಿದ ಮೇಲೆ, 2021ರಲ್ಲಿ, ಪದ್ಮಾಸನದ ಭಂಗಿಯಲ್ಲಿ ಮಲ್ಪೆಯ ಬಳಿ ಕಡಲಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಈಜಿದರು. ಇಬ್ಬರಿಗೂ ತಲೆಬಾಗುತ್ತೇನೆ. ಆದರೆ ನಾವು ಮಾಡಿದ್ದೇನು? ಹಾರ ಹಾಕಿದೆವು, ಶಾಲು ಹೊದಿಸಿದೆವು, ಪತ್ರಿಕೆಯಲ್ಲಿ ಚಿತ್ರ ನೋಡಿ ಸಂತೋಷಪಟ್ಟೆವು. ಅವರಂಥವರ ಕೈಗೆ ಊರಿನ ನೂರು ಮಕ್ಕಳನ್ನು, ಒಂದು ಕೊಳವನ್ನು, ತಿಂಗಳ ಸಂಬಳವನ್ನು ಒಪ್ಪಿಸಿದೆವೇ? ಒಬ್ಬನ ಸಾಹಸ ಅವನ ದೇಹದೊಡನೆ ಮುಗಿಯುತ್ತದೆ. ಕ್ಲಬ್ಬಿನ ದಾಖಲೆಯಾದರೋ ಊರಿನ ದಾಖಲೆ. ಸೋತ ಐವತ್ತು ವರ್ಷಗಳಲ್ಲೂ ಅದು ಮಕ್ಕಳಿಗೆ ಈಜು ಕಲಿಸುತ್ತಲೇ ಇರುತ್ತದೆ.

ಸಂಘ ಕಟ್ಟುವ ಶಕ್ತಿ ನಮಗಿಲ್ಲವೆಂಬ ವಾದವನ್ನೂ ನಾನು ಒಪ್ಪಲಾರೆ. ಕಾರ್ಕಳ ತಾಲೂಕಿನ ಮಿಯಾರಿನಲ್ಲಿ, ಕಾಪು ತಾಲೂಕಿನ ಕಟಪಾಡಿಯಲ್ಲಿ ಜೋಡುಕರೆ ಕಂಬಳ ಎಷ್ಟು ಅಚ್ಚುಕಟ್ಟಾಗಿ ನಡೆಯುತ್ತದೆ! ಸೆಕೆಂಡಿನ ನೂರರಲ್ಲೊಂದು ಪಾಲನ್ನೂ ಅಳೆದು ಬರೆದಿಡುತ್ತೇವೆ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದ್ದು ನಮ್ಮ ಮೊಮ್ಮಕ್ಕಳಿಗೂ ಬಾಯಿಪಾಠ. ಓಟದ ಕೋಣಗಳನ್ನು ಈಜಿಸುವ ರೂಢಿಯುಂಟು. ಅದಕ್ಕೆಂದೇ ಕೊಳ ಕಟ್ಟಿಸಿದ ಮನೆಗಳೂ ಉಂಟು. ಕಂಬಳವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೋಣಕ್ಕೆ ದೊರೆತ ಈಜಿನ ಪಾಠ ನಮ್ಮ ಮಕ್ಕಳಿಗೆ ಏಕೆ ದೊರೆಯಬಾರದು ಎಂದಷ್ಟೇ ಕೇಳುತ್ತಿದ್ದೇನೆ.

ಇದು ಬರಿಯ ಪದಕದ ಹಂಬಲವಲ್ಲ. ನನ್ನ ಸೇವಾವಧಿಯಲ್ಲಿ ಎರಡು ಬಾರಿ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿದ್ದೇನೆ. ಎರಡು ಬಾರಿಯೂ ಕಾರಣ ನೀರು. ಅವರಲ್ಲೊಬ್ಬ ಒಂಬತ್ತನೆಯ ತರಗತಿಯವನು. ಅವನ ಮನೆಗೆ ಕಡಲಿನ ಮೊರೆತ ಕೇಳಿಸುತ್ತಿತ್ತು. ಮುಳುಗಿದ್ದು ಮಾತ್ರ ಮಳೆನೀರು ತುಂಬಿದ ಕೆಂಪುಕಲ್ಲಿನ ಕೋರೆಯಲ್ಲಿ, ದಡದಿಂದ ನಾಲ್ಕೈದು ಮಾರು ದೂರದಲ್ಲಿ. ತ್ರಿಕೋನದ ಪ್ರಮೇಯಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗ. ನಾಲ್ಕು ಮಾರು ಈಜುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. 2022ರ ಏಪ್ರಿಲಿನಲ್ಲಿ ಸೈಂಟ್ ಮೇರೀಸ್ ದ್ವೀಪದಲ್ಲಿ ಕೇರಳದಿಂದ ಬಂದ ಮೂವರು ವಿದ್ಯಾರ್ಥಿಗಳು, 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಮೂರು ಲಕ್ಷ ಜನ ಮುಳುಗಿ ಸತ್ತರು. ಪ್ರತಿ ದುರಂತದ ಬಳಿಕ ನಾವು ಮಾಡುವುದು ಒಂದೇ ಕೆಲಸ, "ನೀರಿಗೆ ಇಳಿಯಬಾರದು" ಎಂಬ ಫಲಕ ನೆಡುವುದು. ಫಲಕ ಎಂದೂ ಯಾರಿಗೂ ಈಜು ಕಲಿಸಿಲ್ಲ.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಕಡಲೇ ಇರುವಾಗ ಕೊಳವೇಕೆ ಎಂಬುದು ಮೊದಲನೆಯದು. ಮೊಗವೀರರ, ಖಾರ್ವಿಗಳ ಮಕ್ಕಳು ಕಡಲಲ್ಲಿ ಕಲಿಯುತ್ತಾರೆ, ನಿಜ. ಕಾರ್ಕಳದ ತೋಟದ ಮನೆಯ ಮಗು, ಮಣಿಪಾಲದ ಫ್ಲ್ಯಾಟಿನ ಮಗು, ಕಾಪುವಿನ ಪೇಟೆಯ ಅಂಗಡಿಯವನ ಮಗಳು ಎಲ್ಲಿ ಕಲಿಯಬೇಕು? ಅಲೆ, ಸೆಳೆತಗಳ ನಡುವೆ ಮೊದಲ ಪಾಠ ಸಲ್ಲದು. ಮಳೆಗಾಲದಲ್ಲಂತೂ ಮೀನುಗಾರರೇ ದೋಣಿ ಇಳಿಸಲು ಅಂಜುತ್ತಾರೆ.

ಓದಿಗೆ ಸಮಯ ಸಾಲದು ಎಂಬುದು ಎರಡನೆಯದು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 94ರ ಫಲಿತಾಂಶದೊಡನೆ ನಮ್ಮ ಜಿಲ್ಲೆ ರಾಜ್ಯಕ್ಕೇ ಪ್ರಥಮ. ಅಧ್ಯಾಪಕನಾಗಿ ನನಗೂ ಅದು ಹೆಮ್ಮೆಯೇ. ಆದರೆ ಬಿ.ಎಡ್. ತರಗತಿಯಲ್ಲಿ ನಾವೆಲ್ಲ "ಸರ್ವಾಂಗೀಣ ವಿಕಾಸ" ಎಂದು ಪುಟಗಟ್ಟಲೆ ಬರೆದು ಉತ್ತೀರ್ಣರಾದವರು. ಕೆರೆಗೆ ಜಾರಿದ ಮಗುವಿನ ನೆರವಿಗೆ ಅಂಕಪಟ್ಟಿ ಬರುವುದಿಲ್ಲ.

ಹಣವಿಲ್ಲ ಎಂಬುದು ಮೂರನೆಯದು. ಸಿರಿವಂತ ದೇಶವೇನಲ್ಲದ ಬಾಂಗ್ಲಾದಲ್ಲಿ ಹಳ್ಳಿಯ ಕೆರೆಗಳಲ್ಲೇ ಬಿದಿರಿನ ಅಟ್ಟಣೆ ಇಳಿಸಿ, ಅದರ ಸುತ್ತ ಬೇಲಿ ಕಟ್ಟಿ, ಊರಿನ ಯುವಕ ಯುವತಿಯರಿಂದಲೇ ಲಕ್ಷಾಂತರ ಮಕ್ಕಳಿಗೆ ಈಜು ಕಲಿಸಿದ್ದಾರೆ. ನಮ್ಮಲ್ಲಿ ಕೆರೆಯಿಲ್ಲವೇ? ಬಿದಿರಿಲ್ಲವೇ?

ನಾನು ಕೇಳುವುದು ಇಷ್ಟೇ. ಎಂಟನೆಯ ತರಗತಿಗೆ ಸೇರಿದ ಪ್ರತಿ ಮಗುವೂ, ಹೆಣ್ಣಾಗಲಿ ಗಂಡಾಗಲಿ, ಶಾಲೆ ಬಿಡುವುದರೊಳಗೆ ಇಪ್ಪತ್ತೈದು ಮೀಟರ್ ಈಜಲು, ಐದು ನಿಮಿಷ ತೇಲಲು ಕಲಿಯಬೇಕು. ಉಡುಪಿಯ ಅಜ್ಜರಕಾಡಿನಲ್ಲಿರುವಂತೆ ತಾಲೂಕಿಗೊಂದು ಸಾರ್ವಜನಿಕ ಕೊಳ, ಸಂಜೆ ಅಲ್ಲಿ ಸರಕಾರಿ ಶಾಲೆಯ ಮಕ್ಕಳಿಗೆ ಶುಲ್ಕವಿಲ್ಲದ ಸಮಯ ಬೇಕು. ಮೀನುಗಾರ ತರುಣರು ಸಂಬಳ ಪಡೆಯುವ ತರಬೇತುದಾರರಾಗಲಿ. ಪ್ರತಿ ಕೊಳಕ್ಕೂ ಊರವರದೇ ಒಂದು ಕ್ಲಬ್ಬು ಹುಟ್ಟಲಿ. ವಾಟರ್ ಪೋಲೊ ತಂಡ, ಕಪ್ಪು, ಪದಕಗಳು ಆಮೇಲೆ ತಾವಾಗಿ ಬಂದಾವು. ಬಾರದಿದ್ದರೂ ನಷ್ಟವಿಲ್ಲ, ಮಕ್ಕಳು ಉಳಿಯುತ್ತಾರೆ.

ನನ್ನ ಶಿಷ್ಯರಲ್ಲಿ ಇಂದು ಪಂಚಾಯತ್ ಸದಸ್ಯರಿದ್ದೀರಿ, ಮುಖ್ಯೋಪಾಧ್ಯಾಯರಿದ್ದೀರಿ, ಮುಂಬಯಿ, ದುಬೈಗಳಲ್ಲಿ ಉದ್ಯಮ ಕಟ್ಟಿ ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಉದಾರವಾಗಿ ಕೊಟ್ಟವರಿದ್ದೀರಿ. ಮುಂದಿನ ಬಾರಿ ಕಲಿತ ಶಾಲೆಗೆ ಏನು ಕೊಡಲಿ ಎಂದು ನೀವು ಕೇಳಿದರೆ, ಧ್ವಜಸ್ತಂಭವೂ ಬೇಡ, ರಂಗಮಂದಿರವೂ ಬೇಡ, ಹೆಸರು ಕೆತ್ತಿದ ಬೆಂಚೂ ಬೇಡ. ಒಬ್ಬ ಈಜು ಅಧ್ಯಾಪಕನ ಒಂದು ವರ್ಷದ ಸಂಬಳ ಕೊಡಿ. ಒಪ್ಪದವರು ಸಂಕೋಚವಿಲ್ಲದೆ ಬರೆದು ತಿಳಿಸಿರಿ; ತರಗತಿಯಲ್ಲಿ ಹೇಗೋ ಇಲ್ಲಿಯೂ ಹಾಗೆಯೇ, ಎದುರು ಪ್ರಶ್ನೆಗೆ ಸ್ವಾಗತವಿದೆ.

ನಿಮ್ಮ ಮಾಷ್ಟ್ರು