ಹೃದಯ ಬದಲಾಯಿತು, ನರಗಳು?

ಮಸ್ಕಿ ತಾಲ್ಲೂಕಿನ ಸಂತೆಕಲ್ಲೂರು ಎಂದೊಡನೆ ಬಲ್ಲವರಿಗೆ ನೆನಪಾಗುವವರು ಘನಮಠದ ನಾಗಭೂಷಣ ಶಿವಯೋಗಿಗಳು. 19ನೆಯ ಶತಮಾನದಲ್ಲಿ ‘ಕೃಷಿಜ್ಞಾನ ಪ್ರದೀಪಿಕೆ’ಯನ್ನು ರಚಿಸಿ, ಒಕ್ಕಲುತನದ ಅರಿವನ್ನು ಬರಹಕ್ಕೆ ಇಳಿಸಿದವರು ಅವರು. ಕೈಕೆಲಸದ ಅರಿವನ್ನೂ ಬರೆದಿಡಬೇಕೆಂಬ ಆ ಪಾಠ ನೇಗಿಲಿಗೆ ಮಾತ್ರವಲ್ಲ, ಮೋಟಾರು ಕಾರಿಗೂ ಸಲ್ಲುತ್ತದೆ.

ಅದೇ ಊರಿನ ಒಂದು ಮನೆಯಂಗಳದಲ್ಲಿ ಹಳೆಯ ಅಂಬಾಸಡರ್ ಕಾರೊಂದು ನಿಂತಿದೆಯೆಂದು ಭಾವಿಸಿಕೊಳ್ಳಿ. ಆ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಆದರೆ ತಂದೆ ಓಡಿಸಿದ ವಾಹನವನ್ನು ಗುಜರಿಗೆ ಹಾಕಲು ಮಗನ ಮನಸ್ಸು ಒಪ್ಪದು. 1988ರ ಮೋಟಾರು ವಾಹನ ಕಾಯಿದೆಯಂತೆ ಸಾರಿಗೆ ಅಧಿಕಾರಿಗಳ ಅನುಮತಿ ಪಡೆದು, ಸವೆದ ಪೆಟ್ರೋಲ್ ಎಂಜಿನನ್ನು ಇಳಿಸಿ, ಡೀಸೆಲ್ ಎಂಜಿನನ್ನು ಕೂರಿಸುತ್ತಾನೆ. ಸರಪಳಿ, ರಾಟೆ, ನಾಲ್ವರು ಗೆಳೆಯರ ತೋಳ್ಬಲ. ಎರಡು ದಿನಗಳಲ್ಲಿ ಹೃದಯ ಬದಲಾಯಿತು. ಆದರೆ ನರಗಳು?

ಪೆಟ್ರೋಲ್ ಎಂಜಿನು ಕಿಡಿಯಿಂದ ಉಸಿರಾಡುವಂಥದು; ಕೀಲಿ ತಿರುಗಿಸಿ ಕಿಡಿಯನ್ನು ತಡೆದರೆ ಅದು ನಿಲ್ಲುತ್ತದೆ. ಡೀಸೆಲಿಗೆ ಕಿಡಿಯೇ ಬೇಡ. ಒತ್ತಡದಿಂದ ಕಾದ ಗಾಳಿಯಲ್ಲಿಯೇ ಅದರ ಎಣ್ಣೆ ಹೊತ್ತಿಕೊಳ್ಳುತ್ತದೆ. ಹೊಸ ಎಂಜಿನಿನ ಸದ್ದಿಗೆ ಅಂಗಳವೆಲ್ಲ ಹಿಗ್ಗಿದ ಮೇಲೆ ಮಗ ಕೀಲಿ ತೆಗೆದನೆನ್ನಿ. ಬಾಗಿಲಲ್ಲಿ ನಿಂತ ತಾಯಿ ಬೆರಗಾಗಿ ಕೇಳುತ್ತಾಳೆ: “ಕೀಲಿ ತೆಗೆದ್ರೂ ನಿಂದ್ರವಲ್ದಲ್ಲೋ ತಮ್ಮಾ!” ನಿಲ್ಲುವುದಾದರೂ ಹೇಗೆ? ಹಳೆಯ ಬಗೆಯ ಡೀಸೆಲ್ ಎಂಜಿನನ್ನು ನಿಲ್ಲಿಸಲು ಎಣ್ಣೆಯನ್ನೇ ತಡೆಯಬೇಕು. ಅದಕ್ಕೆ ಎಳೆಯುವ ಕೇಬಲ್ಲೊಂದನ್ನೋ, ಕೀಲಿಯ ಅಪ್ಪಣೆ ಕೇಳುವ ವಿದ್ಯುತ್ ಕವಾಟವನ್ನೋ ಜೋಡಿಸಬೇಕು.

ನಗು ತರಿಸುವ ಈ ತಪ್ಪಿಗಿಂತ ಭಯಂಕರವಾದುದು ಇನ್ನೊಂದಿದೆ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ 60 ವಾಟಿನ ಮುಂದೀಪ ಎಳೆಯುವುದು 5 ಆಂಪಿಯರ್ ಮಾತ್ರ. ಡೀಸೆಲ್ ಎಂಜಿನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರು ನೂರಾರು ಆಂಪಿಯರ್ ಬೇಡುತ್ತದೆ. ಅಷ್ಟು ಪ್ರವಾಹ ಹೋದಷ್ಟೇ ಬ್ಯಾಟರಿಗೆ ಮರಳಲೂ ಬೇಕು. ಎಂಜಿನು ಕುಳಿತಿರುವುದು ರಬ್ಬರಿನ ಮೇಲೆ. ರಬ್ಬರು ವಿದ್ಯುತ್ತಿಗೆ ದಾರಿ ಕೊಡದು. ಆದ್ದರಿಂದಲೇ ಎಂಜಿನಿಗೂ ಕಾರಿನ ಒಡಲಿಗೂ ನಡುವೆ ದಪ್ಪನೆಯ ಅರ್ತ್ ಪಟ್ಟಿಯೊಂದು ಇರುತ್ತದೆ. ಎಂಜಿನು ಇಳಿಸುವಾಗ ಬಿಚ್ಚಿದ ಆ ಪಟ್ಟಿಯನ್ನು ಮರಳಿ ಕಟ್ಟಲು ಮರೆತರೆ, ಪ್ರವಾಹವು ಆಕ್ಸಿಲರೇಟರಿನ ಸಣ್ಣ ಕೇಬಲ್ಲನ್ನೇ ದಾರಿ ಮಾಡಿಕೊಂಡೀತು. ಕೇಬಲ್ಲು ಕೆಂಡವಾಗುತ್ತದೆ. ಪಕ್ಕದಲ್ಲಿ ಎಣ್ಣೆಯ ಕೊಳವೆಯಿದ್ದರೆ ಮುಂದಿನದನ್ನು ಹೇಳಬೇಕಾದುದಿಲ್ಲ. ಸ್ಟಾರ್ಟರಿನ ದಪ್ಪ ತಂತಿಗೆ ಸಾಮಾನ್ಯವಾಗಿ ಫ್ಯೂಸಿನ ಕಾವಲೂ ಇರುವುದಿಲ್ಲ.

ಇದಕ್ಕೆ ಮದ್ದು ದುಬಾರಿಯದಲ್ಲ. ಬಿಚ್ಚುವ ಮೊದಲೇ ಪ್ರತಿ ತಂತಿಗೂ ಒಂದು ಚೀಟಿ ಕಟ್ಟಬೇಕು. ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕಾಗದದಲ್ಲಿ ನಕ್ಷೆ ಬರೆಯಬೇಕು. ಕೆಲಸ ಮಾಡುವಾಗ ಬ್ಯಾಟರಿಯನ್ನು ಕಳಚಿಡಬೇಕು. ಮೊದಲ ಸಲ ಕೀಲಿ ತಿರುಗಿಸುವ ಮುನ್ನ ಅರ್ತ್ ಪಟ್ಟಿಯನ್ನು ಕೈಯಿಂದ ಎಳೆದು ನೋಡಬೇಕು.

ಕೆಲಸ ಮುಗಿದ ಮೇಲೆ ಆ ನಕ್ಷೆಯನ್ನು ಮಡಚಿ ಕಾರಿನೊಳಗೇ ಇರಿಸುವುದು ಜಾಣತನ. ಹತ್ತು ವರ್ಷಗಳ ನಂತರ ಆ ಮುಚ್ಚಳ ತೆರೆಯುವವನು ಬೇರೊಬ್ಬನಾಗಿರಬಹುದು. ಗೊತ್ತಿದ್ದವನು ಬರೆದಿಟ್ಟರೆ ತಾನೆ ಗೊತ್ತಿಲ್ಲದವನ ಕೈ ಸುಡದೆ ಉಳಿಯುವುದು?